ಒಂದು ‘ಯೆಸ್’ಗೆ ಮೂರು ವಾರ

ಮೊನ್ನೆ ಬುಧವಾರ ಮಧ್ಯಾಹ್ನ ಅನ್ನಕ್ಕೆ ಇಟ್ಟು ಬಂದು ಕೂತಿದ್ದೆ. ಫೋನ್ ಟಿಂಗ್ ಅಂತು. ನೋಡಿದರೆ ಬ್ಯಾಂಕಿನ ಮೆಸೇಜ್. 43 ಸಾವಿರ ಚಿಲ್ಲರೆ ರೂಪಾಯಿ ಜಮಾ ಆಗಿದೆ. ಎರಡು ಮೂರು ಸಲ ಓದಿಕೊಂಡೆ. ಅಷ್ಟರಲ್ಲಿ ಕುಕ್ಕರ್ ಎಷ್ಟು ಸಲ ಕೂಗಿತೋ ಲೆಕ್ಕ ತಪ್ಪಿತು. ಅವತ್ತು ಅನ್ನ ಮುದ್ದೆಯಾಗಿತ್ತು, ಮನೆಯಲ್ಲಿ ಯಾರೂ ಏನೂ ಅನ್ನಲಿಲ್ಲ.

ಇದು ಇಂಗ್ಲಿಷಿನ ‘ಅನ್’, ‘ಇನ್’, ‘ಡಿಸ್’, ‘ನಾನ್’ ಅನ್ನೋ ಪ್ರಿಫಿಕ್ಸ್‌ಗಳ, ಅಂದರೆ ಪದದ ಮುಂದೆ ಅಂಟುವ ತುಣುಕುಗಳ ಮೇಲೆ ಹನ್ನೆರಡು ಆನ್‌ಲೈನ್ ಪಾಠ ಮಾಡಿಕೊಟ್ಟಿದ್ದಕ್ಕೆ ಬಂದ ದುಡ್ಡು. ಪಾಠ ಚೀನೀ ಭಾಷೆ ಆಡುವವರಿಗೆ. ನಾನಿರುವುದು ಶಿವಮೊಗ್ಗದಲ್ಲಿ, ಕಲಿಯುವವರು ತೈವಾನಿನಲ್ಲಿ, ದುಡ್ಡು ಕೊಡುವ ಕಂಪನಿ ಸಿಂಗಪುರದಲ್ಲಿ. ಶುರುವಾಗಿದ್ದು ಮಾರ್ಚ್‌ನಲ್ಲಿ, ಮುಗಿದಿದ್ದು ಆಗಸ್ಟ್‌ನಲ್ಲಿ. ಇಂಥ ಕೆಲಸ ಹಿಡಿಯಬೇಕು ಅಂತ ಕಾಲೇಜಿನ ಗೆಳತಿಯರು ಮೂವರು ಈಗಾಗಲೇ ಕೇಳಿದ್ದಾರೆ. ಪ್ರತಿಯೊಬ್ಬರಿಗೂ ಫೋನಿನಲ್ಲಿ ಹೇಳುವ ಬದಲು ಒಂದೇ ಸಲ ಬರೆದುಬಿಡೋಣ ಅಂತ ಕೂತೆ.

ನಾನು ಡಿಗ್ರಿ ಕಾಲೇಜಿನಲ್ಲಿ ಇಂಗ್ಲಿಷ್ ಅತಿಥಿ ಉಪನ್ಯಾಸಕಿ. ಹದಿನಾಲ್ಕು ವರ್ಷ ಆಯಿತು, ಇನ್ನೂ ಅತಿಥಿಯೇ. ಸೆಮಿಸ್ಟರ್ ಮುಗಿದರೆ ಸಂಬಳವೂ ನಿಲ್ಲುತ್ತದೆ. ಆ ಖಾಲಿ ತಿಂಗಳುಗಳಿಗೆ ಏನಾದರೂ ಬೇಕಿತ್ತು. ಗೊತ್ತಿದ್ದವರೊಬ್ಬರು ಈ ಕಂಪನಿಯ ಬಗ್ಗೆ ಹೇಳಿದರು. ಟೋಯಿಕ್ ಅನ್ನುವ ಇಂಗ್ಲಿಷ್ ಪರೀಕ್ಷೆಗೆ ತಯಾರಿ ಮಾಡುವ ದೊಡ್ಡವರಿಗೆ ಪಾಠ ಮಾಡಿಸುವ ಕಂಪನಿ. ತೈವಾನಿನಲ್ಲಿ ಕೆಲಸಕ್ಕೆ ಅರ್ಜಿ ಹಾಕುವ ಎಷ್ಟೋ ಜನ ಈ ಪರೀಕ್ಷೆ ಬರೆಯುತ್ತಾರೆ. ಎರಡು ಗಂಟೆ, 200 ಪ್ರಶ್ನೆ, ಪೂರ್ತಿ ಅಂಕ 990. ಅದರಲ್ಲಿ ಐದನೇ ಭಾಗ ಬಿಟ್ಟ ಸ್ಥಳ ತುಂಬುವುದು, 30 ಪ್ರಶ್ನೆ. ಒಂದೇ ಪದದ ನಾಲ್ಕು ರೂಪ ಕೊಟ್ಟು ಯಾವುದು ಸರಿ ಅಂತ ಕೇಳುವ ಜಾಗ ಅದು. ಪ್ರಿಫಿಕ್ಸ್ ಗೊತ್ತಿಲ್ಲದವರು ಅಲ್ಲಿ ಎಡವುತ್ತಾರೆ.

ಮಾರ್ಚ್‌ನಲ್ಲಿ ಒಂದು ಸ್ಯಾಂಪಲ್ ಪಾಠ ಕಳಿಸಿದೆ, ಒಪ್ಪಿದರು. ಪಾಠಕ್ಕೆ 45 ಡಾಲರ್, ಹನ್ನೆರಡು ಪಾಠ, ಒಟ್ಟು 540. ಪ್ರತಿ ಪಾಠಕ್ಕೂ ಬರಹ, ಇಪ್ಪತ್ತು ಪ್ರಶ್ನೆ, ಆರು ನಿಮಿಷದ ಆಡಿಯೋ. ಸುಲಭದ ಕೆಲಸ ಅಂದುಕೊಂಡೆ. ಹದಿನಾಲ್ಕು ವರ್ಷದಿಂದ ಇದನ್ನೇ ಪಾಠ ಮಾಡಿದ್ದೀನಲ್ಲ.

ಮೊದಲು ಸಿಕ್ಕಿಹಾಕಿಕೊಂಡಿದ್ದು ಪಾಠದಲ್ಲಲ್ಲ, ನನ್ನ ಹೆಸರಿನಲ್ಲಿ. ಕಂಪನಿಯ ಫಾರ್ಮ್‌ನಲ್ಲಿ ‘ಲಾಸ್ಟ್ ನೇಮ್’ ಅಂತ ಒಂದು ಜಾಗ, ಅದನ್ನು ತುಂಬದೆ ಮುಂದೆ ಹೋಗಲಿಕ್ಕೇ ಬಿಡಲ್ಲ. ನನಗೆ ಇರುವುದು ಎರಡು ಇನಿಷಿಯಲ್, ಒಂದು ಊರಿನದು, ಒಂದು ಅಪ್ಪನದು. ಪ್ಯಾನ್ ಕಾರ್ಡಿನಲ್ಲಿ ಅಪ್ಪನ ಹೆಸರು ಬಿಡಿಸಿ ಬರೆದಿದೆ. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಇನಿಷಿಯಲ್ ಮಾತ್ರ. ಆಧಾರ್‌ನಲ್ಲಿ ಗಂಡನ ಹೆಸರು ಸೇರಿಕೊಂಡಿದೆ. ಒಬ್ಬಳೇ ಹೆಂಗಸು, ಮೂರು ಹೆಸರು. ಫಾರ್ಮ್‌ನಲ್ಲಿ ಪ್ಯಾನ್‌ನಲ್ಲಿದ್ದ ಹಾಗೆ ಬರೆದೆ. ಪಾಸ್‌ಬುಕ್ ಹೆಸರು ಹೊಂದುತ್ತಿಲ್ಲ ಅಂತ ವಾಪಸ್ ಬಂತು. ಬ್ಯಾಂಕಿಗೆ ಹೋಗಿ, ಕೆವೈಸಿ ಅರ್ಜಿ ಕೊಟ್ಟು, ಪಾಸ್‌ಬುಕ್ ಹೆಸರನ್ನು ಪ್ಯಾನ್‌ನಂತೆ ಮಾಡಿಸಲಿಕ್ಕೆ ಒಂಬತ್ತು ದಿನ ಹಿಡಿಯಿತು. ನೀವು ಈ ಕೆಲಸಕ್ಕೆ ಕೈ ಹಾಕುವುದಾದರೆ ಮೊದಲು ಈ ಮೂರನ್ನೂ ಟೇಬಲ್ ಮೇಲೆ ಪಕ್ಕ ಪಕ್ಕ ಇಟ್ಟು ನೋಡಿ.

ಆಮೇಲೆ ಸ್ವಿಫ್ಟ್ ಕೋಡ್. ಹೊರದೇಶದಿಂದ ದುಡ್ಡು ಬರಬೇಕಾದರೆ ಐಎಫ್‌ಎಸ್‌ಸಿ ಸಾಲದು. ಬ್ರಾಂಚಿನಲ್ಲಿ ಕೇಳಿದೆ. ಕೌಂಟರಿನ ಹುಡುಗ ಐಎಫ್‌ಎಸ್‌ಸಿಯನ್ನೇ ಚೀಟಿಯಲ್ಲಿ ಬರೆದುಕೊಟ್ಟ. ಇದಲ್ಲ ಅಂದರೆ, “ಅದೇ ಮೇಡಂ, ಎಲ್ಲಾ ಒಂದೇ” ಅಂದ. ಒಂದೇ ಅಲ್ಲ. ಚಿಕ್ಕ ಬ್ರಾಂಚುಗಳಿಗೆ ಎಷ್ಟೋ ಸಲ ಸ್ವಂತ ಸ್ವಿಫ್ಟ್ ಕೋಡ್ ಇರುವುದೇ ಇಲ್ಲ. ವಿದೇಶಿ ವಿನಿಮಯ ನೋಡಿಕೊಳ್ಳುವ ದೊಡ್ಡ ಬ್ರಾಂಚಿನ ಕೋಡ್ ಹಾಕಿ, ಅಕೌಂಟ್ ನಂಬರ್ ನಮ್ಮದು ಕೊಡಬೇಕು. ಮ್ಯಾನೇಜರ್ ಬಳಿ ಹೋದಾಗಲೇ ಇದು ಗೊತ್ತಾಗಿದ್ದು. ಜಿಎಸ್‌ಟಿ ಬಗ್ಗೆಯೂ ಭಯ ಇತ್ತು. ನಮ್ಮ ಆಡಿಟರ್ ನಕ್ಕುಬಿಟ್ಟರು. “ವರ್ಷಕ್ಕೆ 20 ಲಕ್ಷ ದಾಟಿದಾಗ ಬನ್ನಿ ಮೇಡಂ, ಆಗ ನಾನೇ ಕಾಫಿ ಕೊಡಿಸ್ತೀನಿ” ಅಂದರು.

ಏಪ್ರಿಲ್ ಕೊನೆಗೆ ಮೊದಲ ಮೂರು ಪಾಠ ಕಳಿಸಿದೆ. ‘ಅನ್’ ಅಂದರೆ ಇಲ್ಲ, ‘ಇನ್’ ಅಂದರೆ ಇಲ್ಲ, ‘ಡಿಸ್’ ಅಂದರೆ ಇಲ್ಲ ಅಂತ ಹೇಳಿ ಒಂದೊಂದಕ್ಕೂ ಅರವತ್ತು ಪದದ ಪಟ್ಟಿ. ನೀಟಾಗಿ ಟೇಬಲ್ ಹಾಕಿದ್ದೆ. ನಾಲ್ಕು ದಿನದಲ್ಲಿ ಮೂರೂ ವಾಪಸ್ ಬಂದವು. ನನ್ನ ಪಾಠ ಪರಿಶೀಲಿಸುತ್ತಿದ್ದವರು ತೈಪೆಯ ಒಬ್ಬ ಮೇಷ್ಟ್ರಮ್ಮ. ಅವರು ಒಂದೇ ಸಾಲು ಬರೆದಿದ್ದರು. ‘ಇದೆಲ್ಲ ನಮ್ಮ ಮಕ್ಕಳಿಗೆ ಗೊತ್ತು; ಅನ್‌ಹ್ಯಾಪಿ ಇದೆ, ಅನ್‌ಸ್ಯಾಡ್ ಯಾಕಿಲ್ಲ, ಅದನ್ನು ಹೇಳಿ.’

ಕೋಪ ಬಂತು, ಸುಳ್ಳು ಹೇಳಲ್ಲ. ಆದರೆ ಉತ್ತರ ನನಗೆ ಗೊತ್ತಿರಲಿಲ್ಲ. ಹದಿನಾಲ್ಕು ವರ್ಷದಲ್ಲಿ ನನ್ನ ಕ್ಲಾಸಿನಲ್ಲಿ ಒಬ್ಬರೂ ಈ ಪ್ರಶ್ನೆ ಕೇಳಿರಲಿಲ್ಲ.

ಅವರ ಮಕ್ಕಳು ಕೇಳುವುದಕ್ಕೆ ಕಾರಣ ಇದೆ. ಚೀನೀ ಭಾಷೆಯಲ್ಲಿ ‘ಬು’ ಅಂತ ಒಂದು ಅಕ್ಷರ. ಮೇಲೆ ಅಡ್ಡ ಗೆರೆ, ಅದರಿಂದ ಎಡಕ್ಕೆ ಜಾರುವ ಓರೆ ಗೆರೆ, ನಡುವೆ ನೆಟ್ಟಗೆ ಒಂದು, ಬಲಕ್ಕೆ ಒಂದು ಚುಕ್ಕೆ. ನಾಲ್ಕೇ ಗೀಟು. ಯಾವ ಗುಣದ ಮುಂದೆ ಬೇಕಾದರೂ ಅದನ್ನು ಇಡಬಹುದು. ಖುಷಿ ಇಲ್ಲ ಅನ್ನಲೂ ಬು, ದುಃಖ ಇಲ್ಲ ಅನ್ನಲೂ ಬು, ದುಬಾರಿ ಅಲ್ಲ ಅನ್ನಲೂ ಬು. ಹಾಗಾಗಿ ಇಂಗ್ಲಿಷಿಗೆ ಬಂದಾಗ ‘ಅನ್‌ಸ್ಯಾಡ್’, ‘ಅನ್‌ಬ್ಯಾಡ್’, ‘ಅನ್‌ಎಕ್ಸ್‌ಪೆನ್ಸಿವ್’ ಅಂತ ಸಲೀಸಾಗಿ ಬರೆದುಬಿಡುತ್ತಾರೆ. ‘ಬು ತ್ಸುವೊ’ ಅಂತ ಇನ್ನೊಂದಿದೆ, ಪದಕ್ಕೆ ಪದ ನೋಡಿದರೆ ‘ತಪ್ಪಲ್ಲ’, ಅರ್ಥ ಮಾತ್ರ ‘ಚೆನ್ನಾಗಿದೆ’. ನಮ್ಮಲ್ಲಿ ಸಾರು ಹೇಗಿದೆ ಅಂದರೆ “ಪರವಾಗಿಲ್ಲ” ಅಂತೀವಲ್ಲ, ಹಾಗೆ. ಆದರೆ ಅವರದು ನಮ್ಮದಕ್ಕಿಂತ ಸ್ವಲ್ಪ ಹೆಚ್ಚಿನ ಹೊಗಳಿಕೆ.

ಇಂಗ್ಲಿಷಿನ ‘ಅನ್’ ಸಾಮಾನ್ಯವಾಗಿ ಒಳ್ಳೆಯ ಅರ್ಥದ ಪದವನ್ನೇ ಹಿಡಿದು ಅದನ್ನು ಕೆಡಿಸುತ್ತದೆ. ಕೈಂಡ್, ಫೇರ್, ಸೇಫ್ ಇವುಗಳ ಮುಂದೆ ಬರುತ್ತದೆ. ಕ್ರೂಯೆಲ್, ಬ್ಯಾಡ್, ಅಗ್ಲಿ ಇವುಗಳ ಹತ್ತಿರ ಸುಳಿಯುವುದಿಲ್ಲ. ಅಪವಾದ ಇವೆ, ‘ಅನ್‌ಸೆಲ್ಫಿಶ್’ ತರಹದವು, ಆದರೆ ಕಡಿಮೆ. ನಾವೂ ಅಶಾಂತಿ ಅಂತೀವಿ, ‘ಅಜಗಳ’ ಅಂತ ಯಾರೂ ಅನ್ನಲ್ಲ. ಇಷ್ಟು ಹೊಳೆದ ಮೇಲೆ ಮೊದಲ ಪಾಠದ ಅರವತ್ತು ಪದದಲ್ಲಿ ನಲವತ್ತೈದನ್ನು ಕಿತ್ತು ಹಾಕಿದೆ.

ಅವರ ಭಾಷೆ ಸ್ವಲ್ಪವೂ ಗೊತ್ತಿಲ್ಲದೆ ಈ ಕೆಲಸ ಆಗಲ್ಲ ಅಂತ ಅವತ್ತೇ ತೀರ್ಮಾನ ಮಾಡಿದೆ. ಮೇ ತಿಂಗಳು ಪೂರ್ತಿ ಬೆಳಿಗ್ಗೆ ಐದಕ್ಕೆ ಎದ್ದು ಯೂಟ್ಯೂಬ್‌ನಲ್ಲಿ ಚೀನೀ ಪಾಠ. ನಾಲ್ಕು ಸ್ವರ, ಒಂದು ಸಮ, ಒಂದು ಏರುತ್ತದೆ, ಒಂದು ತಗ್ಗಿಗೆ ಇಳಿಯುತ್ತದೆ, ಒಂದು ಧಡಕ್ಕನೆ ಬೀಳುತ್ತದೆ. ಅಡುಗೆಮನೆಯಲ್ಲಿ ಅಭ್ಯಾಸ ಮಾಡುವಾಗ ಅತ್ತೆ ಬಂದು, “ಏನಮ್ಮಾ, ಬೆಕ್ಕು ಒಳಗೆ ಬಂತಾ?” ಅಂತ ಕೇಳಿದರು. ರೋಮನ್‌ನಲ್ಲಿ ‘ಬಿ’ ಹಾಕಿ ‘ಬು’ ಅಂತ ಬರೆದರೂ ಕಿವಿಗೆ ಅದು ನಮ್ಮ ‘ಪು’ಗೇ ಹತ್ತಿರ. ಇದು ಗೊತ್ತಾಗಲೂ ವಾರ ಬೇಕಾಯಿತು.

ಈ ‘ಬು’ ಬೀಳುವ ಸ್ವರದ ಅಕ್ಷರ. ಆದರೆ ಅದರ ಮುಂದೆ ಇನ್ನೊಂದು ಬೀಳುವ ಸ್ವರ ಬಂದರೆ ಬು ತನ್ನ ಸ್ವರ ಬದಲಿಸಿ ಏರಿಬಿಡುತ್ತದೆ. ‘ಅಲ್ಲ’ ಅನ್ನಲು ಅವರು ‘ಬು ಶಿ’ ಅಂತಾರೆ, ‘ಬೇಡ’ ಅನ್ನಲು ‘ಬು ಯಾವ್’. ಎರಡರಲ್ಲೂ ಬು ಏರು ದನಿ. ಬರೆಯುವಾಗ ಅದೇ ಅಕ್ಷರ, ಆಡುವಾಗ ಮಾತ್ರ ಬೇರೆ. ಬಾಯಿಗೆ ಸುಲಭವಾಗಲಿ ಅಂತ ಪಕ್ಕದವರನ್ನು ನೋಡಿ ಬದಲಾಗುತ್ತದೆ.

ಇದನ್ನು ಕೇಳಿದ್ದೇ ನಾನು ಪೆನ್ ಕೆಳಗಿಟ್ಟೆ. ‘ಇನ್’ ಮಾಡುವುದೂ ಇದನ್ನೇ ಅಲ್ವಾ? ಪಿ, ಬಿ, ಎಂ ಬಂದರೆ ‘ಇಂ’ ಆಗುತ್ತದೆ, ಇಂಪಾಸಿಬಲ್. ಎಲ್ ಬಂದರೆ ‘ಇಲ್’, ಇಲ್ಲೀಗಲ್. ಆರ್ ಬಂದರೆ ‘ಇರ್’, ಇರ್ರೆಗ್ಯುಲರ್. ನಮ್ಮ ಮಕ್ಕಳು ಇದನ್ನು ನಾಲ್ಕು ಬೇರೆ ಪ್ರಿಫಿಕ್ಸ್ ಅಂತ ಉರು ಹೊಡೆಯುತ್ತಾರೆ. ನಾನೂ ಹಾಗೇ ಹೊಡೆಸಿದ್ದೆ. ಇರುವುದು ಒಂದೇ. ಸತ್ ಮತ್ತು ಜನ ಸೇರಿ ‘ಸಜ್ಜನ’ ಆಗುವಾಗ ತಕಾರ ಹೇಗೆ ಜಕಾರದ ಮರ್ಜಿಗೆ ಬೀಳುತ್ತದೋ ಹಾಗೆ, ನಕಾರ ಲಕಾರದ ಮರ್ಜಿಗೆ ಬಿದ್ದಿದೆ. ಈ ಬದಲಾವಣೆ ಆಗಿದ್ದು ಇಂಗ್ಲಿಷಿನಲ್ಲೂ ಅಲ್ಲ, ಅದಕ್ಕಿಂತ ಹಿಂದೆ ಲ್ಯಾಟಿನ್‌ನಲ್ಲಿ. ‘ಅನ್’ ಇಂಗ್ಲಿಷಿನ ಮನೆಯ ಮಗ. ಅದು ಯಾರಿಗೂ ಬಗ್ಗಲ್ಲ, ಸ್ಪೆಲಿಂಗ್ ಬದಲಿಸಲ್ಲ. ಅನ್‌ಲಕಿ, ಅನ್‌ರಿಯಲ್, ಅನ್‌ಪಾಪ್ಯುಲರ್ ಇದಕ್ಕೇ ಹಾಗಿವೆ. ಆರ್ ಬಂದರೆ ‘ಇರ್’ ಹಾಕಿ ಅಂತ ವರ್ಷಗಟ್ಟಲೆ ಬೋರ್ಡಿನ ಮೇಲೆ ಬರೆದೆನಲ್ಲ, ‘ಅನ್‌ರಿಲಯಬಲ್’ ಬರೆದ ಎಷ್ಟು ಮಕ್ಕಳಿಗೆ ತಪ್ಪು ಹಾಕಿದ್ದೆನೋ.

ಹಾಗಾದರೆ ಯಾವ ಪದಕ್ಕೆ ಅನ್, ಯಾವುದಕ್ಕೆ ಇನ್? ಗಟ್ಟಿ ನಿಯಮ ಇಲ್ಲ. ಲ್ಯಾಟಿನ್ ಮೂಲದ ಪದಗಳಿಗೆ ‘ಇನ್’ ಜಾಸ್ತಿ, ಅಷ್ಟೇ ಹೇಳಬಹುದು. ಅದು ಹಳೇ ಕಾಲದ ಮನೆತನ, ಹೊಸಬರನ್ನು ಸೇರಿಸಿಕೊಳ್ಳುವುದು ಅಪರೂಪ. ಹೊಸದಾಗಿ ಹುಟ್ಟುವ ಪದಗಳು ‘ಅನ್’ ಮನೆಗೇ ಹೋಗುತ್ತವೆ. ಅನ್‌ಕೂಲ್ ನೋಡಿ. ಪರೀಕ್ಷೆಯಲ್ಲಿ ಪೂರ್ತಿ ಕಂಗಾಲಾದರೆ ‘ಅನ್’ ಹಾಕಿ ಬನ್ನಿ ಅಂತ ಪಾಠದಲ್ಲಿ ಬರೆದಿದ್ದೆ. ಮೇಷ್ಟ್ರಮ್ಮ ಅದನ್ನು ಅಳಿಸಲಿಲ್ಲ.

ಜೂನ್‌ನಲ್ಲಿ ಆಡಿಯೋ. ಮೈಕಿಗೆ 2,800 ರೂಪಾಯಿ ಹೋಯಿತು. ಸ್ಟುಡಿಯೋ ಅಂದರೆ ನಮ್ಮ ಬೀರು ಇರುವ ಚಿಕ್ಕ ಕೋಣೆ. ದನಿ ಗೋಡೆಗೆ ಬಡಿದು ವಾಪಸ್ ಬರಬಾರದು ಅಂತ ಎರಡು ಕಡೆ ಜಮಖಾನ ನೇತುಹಾಕಿದ್ದೆ. ಫ್ಯಾನ್ ಹಾಕುವ ಹಾಗಿಲ್ಲ. ಅದೇ ತಿಂಗಳು ನಮ್ಮಲ್ಲಿ ಮಳೆ ಹಿಡಿಯುತ್ತದೆ ಅನ್ನುವುದು ಒಪ್ಪಂದಕ್ಕೆ ಸಹಿ ಹಾಕುವಾಗ ತಲೆಗೆ ಬರಲಿಲ್ಲ. ಹಿತ್ತಲಿನ ತಗಡಿನ ಶೀಟಿನ ಮೇಲೆ ಮಳೆ ಬಿದ್ದರೆ ಮೈಕಿಗೆ ಡೊಳ್ಳು ಬಾರಿಸಿದ ಹಾಗೆ ಕೇಳುತ್ತದೆ. ಆರು ನಿಮಿಷ ಮಳೆ ನಿಂತಿರಬೇಕು, ಕರೆಂಟ್ ಇರಬೇಕು, ಪಕ್ಕದ ಮನೆಯ ಮಿಕ್ಸಿ ಸುಮ್ನಿರಬೇಕು. ಮೂರೂ ಕೂಡಿ ಬರುತ್ತಿದ್ದುದು ರಾತ್ರಿ ಎರಡರ ಮೇಲೆ. ಆಡಿಯೋ ಕೆಲಸ ಇದ್ದರೆ ಬೇಸಿಗೆಯಲ್ಲೇ ಮುಗಿಸಿಕೊಳ್ಳಿ, ಮಲೆನಾಡಿನವರಂತೂ ಖಂಡಿತ.

ಆಡಿಯೋದಲ್ಲಿ ಕಷ್ಟ ಕೊಟ್ಟಿದ್ದು ಇಂಪಾಸಿಬಲ್. ಕಲಿಯುವ ಕೆಲವರ ಮಾತನ್ನು ರೆಕಾರ್ಡ್ ಮಾಡಿ ನನಗೆ ಕಳಿಸಿದ್ದರು. ಹೆಚ್ಚಿನವರು ‘ಇನ್’ ಅಂತ ನಿಲ್ಲಿಸಿ ಆಮೇಲೆ ‘ಪಾಸಿಬಲ್’ ಅನ್ನುತ್ತಿದ್ದರು, ಕೆಲವರು ‘ಇಂಗ್’ ಅಂತಲೂ. ಅವರ ತಪ್ಪಲ್ಲ. ಮ್ಯಾಂಡರಿನ್‌ನಲ್ಲಿ ಒಂದು ಅಕ್ಷರ ‘ನ್’ ಅಥವಾ ‘ಙ್’ನಲ್ಲಿ ಮುಗಿಯಬಹುದು, ‘ಮ್’ನಲ್ಲಿ ಮುಗಿಯುವುದೇ ಇಲ್ಲ. ಬಾಯಿ ಮುಚ್ಚಿ ಮುಗಿಸುವ ಅಭ್ಯಾಸವೇ ಇಲ್ಲ. ಇದನ್ನು ಹೇಗೆ ಹೇಳಿಕೊಡುವುದು ಅಂತ ಕೂತಾಗ ನಮ್ಮ ಸೊನ್ನೆ ನೆನಪಾಯಿತು.

ಕಂಬ, ಹಂತ, ಅಂಗಡಿ. ಮೂರಕ್ಕೂ ಹಾಕುವುದು ಒಂದೇ ಸೊನ್ನೆ. ನಿಧಾನವಾಗಿ ಹೇಳಿ ನೋಡಿ. ಕಂಬದಲ್ಲಿ ತುಟಿ ಮುಚ್ಚುತ್ತದೆ. ಹಂತದಲ್ಲಿ ನಾಲಿಗೆ ಹಲ್ಲಿಗೆ ತಾಗುತ್ತದೆ. ಅಂಗಡಿಯಲ್ಲಿ ನಾಲಿಗೆಯ ಬುಡ ಮೇಲಕ್ಕೆ ಹೋಗುತ್ತದೆ. ಮುಂದೆ ಯಾರು ಬರುತ್ತಾರೆ ಅಂತ ನೋಡಿಕೊಂಡು ಸೊನ್ನೆ ತಾನೇ ಸಿದ್ಧವಾಗುತ್ತದೆ. ಅದಕ್ಕೇ ನಾವು ಇಂಪಾಸಿಬಲ್, ಇಂಡೈರೆಕ್ಟ್ ಎರಡಕ್ಕೂ ಕನ್ನಡದಲ್ಲಿ ಒಂದೇ ಸೊನ್ನೆ ಹಾಕಿ ಆರಾಮಾಗಿ ಓದುತ್ತೇವೆ. ಇದನ್ನು ಅವರಿಗೆ ಹೇಳಲಿಕ್ಕಾಗುವುದಿಲ್ಲ, ಸೊನ್ನೆ ಅವರಿಗಿಲ್ಲ. ಆದರೆ ಉಪಾಯ ಅಲ್ಲಿಂದಲೇ ಸಿಕ್ಕಿತು. ತುಟಿಯ ಮೇಲೆ ಬೆರಳಿಡಿ, ‘ಪಾಸಿಬಲ್’ ಅನ್ನಲು ತುಟಿ ಮುಚ್ಚಿಕೊಳ್ಳಿ, ಮುಚ್ಚಿದ ತುಟಿಯನ್ನು ಬಿಡದೆ ಅದಕ್ಕೆ ಮುಂಚೆಯೇ ಮೂಗಿನಿಂದ ದನಿ ಬಿಡಿ. ಐದನೇ ಪಾಠದ ಆಡಿಯೋ ಪೂರ್ತಿ ಇಷ್ಟೇ. ಹನ್ನೆರಡರಲ್ಲಿ ತಿದ್ದುಪಡಿ ಇಲ್ಲದೆ ಪಾಸಾಗಿದ್ದು ಅದೊಂದೇ.

ಒಂದು ಪಾಠದಲ್ಲಿ ದೊಡ್ಡ ಎಡವಟ್ಟು ಮಾಡಿದೆ. ಚೀನೀ ಅಕ್ಷರಗಳನ್ನು ಅನುವಾದ ಮಾಡುವ ಆ್ಯಪಿನಿಂದ ನಕಲು ಮಾಡಿ ಅಂಟಿಸಿದ್ದೆ. ಅದು ಚೀನಾ ಮೇನ್‌ಲ್ಯಾಂಡ್‌ನ ಸರಳ ಲಿಪಿ. ತೈವಾನಿನಲ್ಲಿ ಹಳೆಯ ಪೂರ್ಣ ಲಿಪಿ. ‘ಬು’ ಎರಡರಲ್ಲೂ ಒಂದೇ ಇದ್ದದ್ದರಿಂದ ನನಗೆ ಗೊತ್ತೇ ಆಗಲಿಲ್ಲ. ‘ವು’ ಅನ್ನುವ ಅಕ್ಷರ ಬಂದಾಗ ಸಿಕ್ಕಿಬಿದ್ದೆ. ಇಲ್ಲದ್ದು ಅಂತ ಅದರ ಅರ್ಥ, ವೈರ್‌ಲೆಸ್‌ನ ‘ಲೆಸ್’ ಇದ್ದ ಹಾಗೆ. ಸರಳ ಲಿಪಿಯಲ್ಲಿ ನಾಲ್ಕು ಗೀಟು, ಪೂರ್ಣ ಲಿಪಿಯಲ್ಲಿ ಹನ್ನೆರಡು, ಕೆಳಗೆ ನಾಲ್ಕು ಚುಕ್ಕೆ. ಏಳು ಪಾಠ ಮತ್ತೆ ತಿದ್ದಿದೆ, ಎರಡು ಭಾನುವಾರ ಹೋದವು. ಯಾರಿಗೆ ಪಾಠ, ಯಾವ ಲಿಪಿ ಅಂತ ಮೊದಲ ದಿನವೇ ಕೇಳಿ ಬರೆಸಿಕೊಳ್ಳಿ.

‘ಅನ್’ನಲ್ಲೂ ಎರಡು ಇವೆ ಅನ್ನುವುದು ಎಂಟನೇ ಪಾಠ. ಅನ್‌ಹ್ಯಾಪಿಯ ಅನ್ ‘ಅಲ್ಲ’ ಅನ್ನುತ್ತದೆ. ಅನ್‌ಲಾಕ್‌ನ ಅನ್ ಮಾಡಿದ್ದನ್ನು ಬಿಚ್ಚುತ್ತದೆ. ಚೀನೀಯಲ್ಲಿ ಇದಕ್ಕೆ ಬು ನಡೆಯಲ್ಲ, ‘ಜಿಯೆ’ ಅಂತ ಬೇರೆ ಪದ. ಬೀಗ ಬಿಚ್ಚುವುದಕ್ಕೂ ಅದೇ, ಹೆಪ್ಪುಗಟ್ಟಿದ್ದನ್ನು ಕರಗಿಸುವುದಕ್ಕೂ ಅದೇ. ‘ಅನ್‌ಲಾಕಬಲ್’ ಅಂದರೆ ಏನು ಅಂತ ಮಗಳನ್ನು ಕೇಳಿದೆ. ಎಂಟನೇ ಕ್ಲಾಸಿನವಳು. “ಬೀಗ ಹಾಕೋಕೆ ಆಗದ್ದು” ಅಂದಳು. ಅರ್ಧ ನಿಮಿಷ ಬಿಟ್ಟು, “ಅಲ್ಲಮ್ಮ, ಬೀಗ ತೆಗೆಯೋಕೆ ಆಗೋದು” ಅಂದಳು. ಎರಡೂ ಸರಿ. ಅವಳಿಗೆ ಅವತ್ತಿನಿಂದ ಇಂಗ್ಲಿಷ್ ಮೇಲೆ ಸಂಶಯ.

ಅವಳ ಇನ್ನೊಂದು ಪ್ರಶ್ನೆ ಹತ್ತನೇ ಪಾಠವಾಯಿತು. ಭದ್ರಾವತಿ ರಸ್ತೆಯಲ್ಲಿ ನಮ್ಮ ಸ್ಕೂಟರ್ ಮುಂದೆ ಒಂದು ಪೆಟ್ರೋಲ್ ಟ್ಯಾಂಕರ್. ಹಿಂದೆ ಕೆಂಪಕ್ಷರದಲ್ಲಿ ‘ಹೈಲಿ ಇನ್‌ಫ್ಲೇಮಬಲ್’ ಅಂತ ಬರೆದಿತ್ತು. “ಇನ್ ಅಂದ್ರೆ ಅಲ್ಲ ಅಲ್ವಾ ಅಮ್ಮಾ? ಹಾಗಾದ್ರೆ ಇದು ಹತ್ತಿಕೊಳ್ಳಲ್ವಾ?” ನಾನು ಸ್ಕೂಟರ್ ನಿಧಾನ ಮಾಡಿ ದೂರ ಬಿಟ್ಟೆ. ಅಲ್ಲಿಯ ‘ಇನ್’ ಅಲ್ಲ ಅನ್ನುವ ಇನ್ ಅಲ್ಲ, ‘ಒಳಗೆ’ ಅನ್ನುವ ಲ್ಯಾಟಿನ್ ಇನ್. ಇನ್‌ಫ್ಲೇಮಬಲ್, ಫ್ಲೇಮಬಲ್ ಎರಡೂ ಬೆಂಕಿ ಹತ್ತಿಕೊಳ್ಳುವಂಥದ್ದೇ. ಇದನ್ನು ಬರೆದು ಕಳಿಸಿದಾಗ ಮೇಷ್ಟ್ರಮ್ಮ ಖುಷಿಯಾಗಿ ಅವರ ಕಡೆಯದೊಂದು ಕೊಟ್ಟರು. ‘ಹಾವ್ ರೊಂಗ್ ಯಿ’ ಅಂದರೂ ‘ಹಾವ್ ಬು ರೊಂಗ್ ಯಿ’ ಅಂದರೂ ಅರ್ಥ ಒಂದೇ, ಹರಸಾಹಸ ಮಾಡಿ ಅಂತೂ ಆಯಿತು ಅಂತ. ನಡುವೆ ಬು ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ.

ಹುಸಿ ಪ್ರಿಫಿಕ್ಸ್‌ಗೂ ಅವರ ಭಾಷೆಯಲ್ಲೇ ಉದಾಹರಣೆ ಸಿಕ್ಕಿತು. ‘ಫೇ’ ಅಂದರೆ ಅಲ್ಲ, ಇಂಗ್ಲಿಷಿನ ‘ನಾನ್’ ಇದ್ದ ಹಾಗೆ. ಅಂಗಡಿಯಲ್ಲಿ ಮಾರಾಟಕ್ಕಲ್ಲದ ಸಾಮಾನಿನ ಮೇಲೆ ಅದನ್ನೇ ಬರೆದಿರುತ್ತಾರೆ. ಆದರೆ ಆಫ್ರಿಕಾ ಖಂಡಕ್ಕೆ ಅವರ ಹೆಸರು ‘ಫೇಜೋ’. ಖಂಡವಲ್ಲದ್ದು ಅಂತ ಅರ್ಥ ಮಾಡಿದರೆ ಎಡವಟ್ಟು. ಅಲ್ಲಿ ಫೇ ಬರೀ ಶಬ್ದಕ್ಕೆ ಬಂದಿದೆ. ಅಂಕಲ್‌ನಲ್ಲಿ ‘ಅನ್’ ಹುಡುಕಬೇಡಿ, ಡಿಸ್ಕಸ್‌ನಲ್ಲಿ ‘ಅಲ್ಲ’ ಅನ್ನುವ ಡಿಸ್ ಹುಡುಕಬೇಡಿ ಅಂತ ಹೇಳಲು ಇದಕ್ಕಿಂತ ಒಳ್ಳೆಯದು ನನಗೆ ಸಿಗುತ್ತಿರಲಿಲ್ಲ. ಇನ್‌ವ್ಯಾಲ್ಯುಯಬಲ್ ಅಂದರೆ ಬೆಲೆ ಇಲ್ಲದ್ದು ಅಂತ ಎಲ್ಲರೂ ತಪ್ಪು ಮಾಡುತ್ತಾರಂತೆ. ನಮಗೆ ಆ ಭಯ ಇಲ್ಲ, ‘ಅಮೂಲ್ಯ’ ಬಾಯಲ್ಲೇ ಇದೆ. ಅವರಿಗೂ ಇದೆ, ‘ವುಜಿಯಾ’, ಬೆಲೆ ಇಲ್ಲದ ಅಂದರೆ ಬೆಲೆ ಕಟ್ಟಲಾಗದ. ಯಾರೋ ತೋರಿಸಬೇಕಷ್ಟೆ.

ಜುಲೈ 2ಕ್ಕೆ ಹನ್ನೆರಡೂ ಪಾಠ ಒಪ್ಪಿಗೆಯಾಗಿ ಇನ್‌ವಾಯ್ಸ್ ಕಳಿಸಿದೆ. ಇನ್ನು ಆರಾಮು ಅಂದುಕೊಂಡೆ. ನಿಜವಾದ ಎಡವಟ್ಟು ಆಗಿದ್ದು ಇಲ್ಲೇ.

ಹನ್ನೆರಡು ದಿನ ಸದ್ದಿಲ್ಲ. ದುಡ್ಡಿನ ವಿಭಾಗಕ್ಕೆ ಮೇಲ್ ಬರೆದೆ. ಇಂಗ್ಲಿಷಿನಲ್ಲಿ ವಿನಯವಾಗಿ, ‘ನನ್ನ ಇನ್‌ವಾಯ್ಸ್ ನಿಮಗೆ ಬಂದಿಲ್ಲವೇ?’ ಅಂತ ಕೇಳಿದ್ದೆ. ಸಂಜೆ ಉತ್ತರ ಬಂತು. ಒಂದೇ ಪದ, ‘ಯೆಸ್’. ಕೆಳಗೆ ಧನ್ಯವಾದ. ಬಂದಿದೆ ಅಂತ ನೆಮ್ಮದಿಯಾಗಿ ಮಲಗಿದೆ. ಒಂದು ವಾರ ಕಾದೆ, ಎರಡು ವಾರ ಕಾದೆ. ಅಷ್ಟರಲ್ಲಿ ಮಗಳ ಟ್ಯೂಷನ್ ಫೀಸ್ ಕಟ್ಟುವ ದಿನ ಬಂತು, ಚೀಟಿ ದುಡ್ಡು ಕಟ್ಟುವ ದಿನ ಬಂತು. ಗಂಡನ ಹತ್ತಿರ ಕೇಳಲಿಕ್ಕೆ ಮುಜುಗರ. ಸುಮ್ನೆ ಮೋಸ ಹೋದೆನಾ ಅಂತ ರಾತ್ರಿ ನಿದ್ದೆ ಬರದೆ ಹೊರಳಾಡಿದೆ. ಮೂರು ವಾರದ ಮೇಲೆ ಸ್ವಲ್ಪ ಖಾರವಾಗಿಯೇ ಬರೆದೆ. ಆ ಕಡೆಯಿಂದ ಅಷ್ಟೇ ಖಾರದ ಉತ್ತರ. ‘ಬಂದಿಲ್ಲ ಅಂತ ಜುಲೈನಲ್ಲೇ ತಿಳಿಸಿದ್ದೆವಲ್ಲ, ನೀವೇ ಮತ್ತೆ ಕಳಿಸಲಿಲ್ಲ.’

ಊಟಕ್ಕೆ ಕೂತಾಗ ಇದನ್ನೇ ಹೇಳಿಕೊಂಡು ಗೊಣಗುತ್ತಿದ್ದೆ. ಬಂದಿಲ್ವಾ ಅಂತ ಕೇಳಿದರೆ ಯೆಸ್ ಅಂದವರು, ಈಗ ಬಂದೇ ಇಲ್ಲ ಅಂತಾರೆ ಅಂತ. ಅತ್ತೆ ಅನ್ನ ಕಲಸುತ್ತಾ, “ಸರಿಯಾಗೇ ಹೇಳಿದಾರಲ್ಲಮ್ಮ” ಅಂದರು. “ಊಟ ಆಗಿಲ್ವಾ ಅಂತ ಕೇಳಿದ್ರೆ ನಾನೇನಂತೀನಿ? ಹೂಂ, ಆಗಿಲ್ಲ ಅಂತೀನಿ.”

ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು. ಆ ವಿಭಾಗದವರ ಚೀನೀ ಭಾಷೆಯಲ್ಲೂ ಹಾಗೇ. ಪ್ರಶ್ನೆಯಲ್ಲಿ ಹೇಳಿದ ಮಾತು ನಿಜವಾದರೆ ಹೌದು ಅಂತಾರೆ. ಬಂದಿಲ್ವಾ? ಹೌದು, ಬಂದಿಲ್ಲ. ಇಂಗ್ಲಿಷಿನಲ್ಲಿ ಇದೇ ಜಾಗದಲ್ಲಿ ‘ನೋ’ ಅನ್ನಬೇಕು. ಇದು ನನ್ನ ಹನ್ನೊಂದನೇ ಪಾಠದಲ್ಲೇ ಇದೆ, ಬರೆದವಳು ನಾನೇ! ಆ ಪಾಠದಲ್ಲಿ ‘ಬು’, ‘ಮೇ’ ಇವೆರಡರ ವ್ಯತ್ಯಾಸ ಬರೆದಾಗಲೂ ಕನ್ನಡವೇ ಕೈ ಹಿಡಿದಿತ್ತು. ‘ಹೋಗಲ್ಲ’ ಅನ್ನಲು ಬು, ‘ಹೋಗಲಿಲ್ಲ’ ಅನ್ನಲು ಮೇ. ಇಂಗ್ಲಿಷಿನವರಿಗೆ ಗಂಟೆಗಟ್ಟಲೆ ಬೇಕಾಗುವ ಇದು ನನಗೆ ಐದು ನಿಮಿಷದಲ್ಲಿ ಅರ್ಥವಾಗಿತ್ತು. ಕನ್ನಡದ ಕಿವಿಯಲ್ಲಿ ಆ ‘ಯೆಸ್’ ಕೇಳಿದ್ದರೆ ಅವತ್ತೇ ಗೊತ್ತಾಗುತ್ತಿತ್ತು. ನಾನು ಇಂಗ್ಲಿಷ್ ಮೇಡಂ ಆಗಿ ಕೇಳಿಸಿಕೊಂಡೆ.

ಅದೇ ರಾತ್ರಿ ಇನ್‌ವಾಯ್ಸ್ ಮತ್ತೆ ಕಳಿಸಿದೆ. ಈ ಸಲ ಎರಡು ದಿನದಲ್ಲಿ ಹಾಕಿದರು. ದುಡ್ಡು ದಾರಿಯಲ್ಲಿ ಇನ್ನೂ ಐದು ದಿನ ತೆಗೆದುಕೊಂಡಿತು. ಬ್ಯಾಂಕಿನಿಂದ ಫೋನ್ ಬಂತು, ಈ ದುಡ್ಡು ಯಾವುದಕ್ಕೆ ಅಂತ. ‘ಪಿ’ ಅಕ್ಷರದಿಂದ ಶುರುವಾಗುವ ಪರ್ಪಸ್ ಕೋಡ್ ಅಂತ ಒಂದು ಇರುತ್ತದೆ, ನೀವು ಮಾಡಿದ ಕೆಲಸಕ್ಕೆ ಹೊಂದುವುದನ್ನು ಅವರ ಪಟ್ಟಿಯಿಂದ ಆರಿಸಿ, ಒಪ್ಪಂದದ ಪ್ರತಿ ಮತ್ತು ಇನ್‌ವಾಯ್ಸ್ ಜೊತೆ ಕೊಡಬೇಕು. ನಡುವಿನ ಬ್ಯಾಂಕು 25 ಡಾಲರ್ ಹಿಡಿದುಕೊಂಡಿತ್ತು. ಡಾಲರನ್ನು ರೂಪಾಯಿ ಮಾಡುವಾಗ ನಮ್ಮ ಬ್ಯಾಂಕೂ ಸ್ವಲ್ಪ ಹಿಡಿದುಕೊಂಡಿತು. ಇದನ್ನು ಯಾರು ಭರಿಸಬೇಕು ಅಂತ ಒಪ್ಪಂದದಲ್ಲೇ ಬರೆಸಿಕೊಂಡರೆ ಒಳ್ಳೆಯದು, ನಾನು ಬರೆಸಿಕೊಂಡಿರಲಿಲ್ಲ. ಹೊರಗಿನಿಂದ ದುಡ್ಡು ಬಂದಿದ್ದಕ್ಕೆ ಬ್ಯಾಂಕಿನಿಂದ ‘ಅಡ್ವೈಸ್’ ಅನ್ನುವ ಪತ್ರ ಕೇಳಿ ತೆಗೆದುಕೊಳ್ಳಿ. ಆದಾಯ ತೆರಿಗೆ ರಿಟರ್ನ್ ಹಾಕುವಾಗ ಆಡಿಟರ್ ಕೇಳುತ್ತಾರೆ.

ಎರಡನೇ ಕಂತಿನ ಕೆಲಸ ಬಂದಿದೆ, ಈ ಸಲ ‘ಲೆಸ್’, ‘ಫುಲ್’ ತರಹ ಹಿಂದೆ ಅಂಟುವ ಪದಗಳು. ನಿನ್ನೆ ಅದರ ಒಪ್ಪಂದದ ಬಗ್ಗೆ ಅದೇ ದುಡ್ಡಿನ ವಿಭಾಗಕ್ಕೆ ಮೇಲ್ ಬರೆದೆ. ಕೆಳಗೆ ಎರಡು ಸಾಲು ಹಾಕಿ, ಒಂದನ್ನು ಉಳಿಸಿ ಇನ್ನೊಂದನ್ನು ಅಳಿಸಿ ಕಳಿಸಿ ಅಂದೆ. ‘ಬಂದಿದೆ.’ ‘ಬಂದಿಲ್ಲ.’

ಉತ್ತರ ಇವತ್ತು ಬೆಳಿಗ್ಗೆ ಬಂತು. ಎರಡೂ ಸಾಲು ಹಾಗೇ ಇವೆ. ಮೇಲೆ ‘ಓಕೆ’ ಅಂತ ಬರೆದಿದ್ದಾರೆ.